ಹಲ್ಲಿನ ಬುಡದಲ್ಲಿ ಮತ್ತೆ ಮೂಳೆ

ಶ್ರೀನಿವಾಸಪುರದಲ್ಲಿ ಮಾವಿನ ಕಾಲ ಬಂದರೆ ನಮ್ಮಮ್ಮ ವಾಟೆ ಬಿಡುವವರಲ್ಲ. ಎರಡು ವರ್ಷದ ಹಿಂದೆ ಮುಟ್ಟಲೇ ಇಲ್ಲ. ಕೆಳಗಿನ ಎರಡು ಹಲ್ಲು ಅಲ್ಲಾಡುತ್ತಿದ್ದವು. ‘ನಮ್ಮ ಕಡೆ ನೀರೇ ಹಂಗೆ’ ಎಂದು ಸುಮ್ನೆ ಇದ್ದುಬಿಟ್ಟಿದ್ದರು.

ಕೋಲಾರ ಜಿಲ್ಲೆಯ ಬೋರ್‌ವೆಲ್ ನೀರಿನಲ್ಲಿ ಎಷ್ಟೋ ಕಡೆ ಫ್ಲೋರೈಡ್ ಜಾಸ್ತಿ, ನಿಜ. ಅದು ಹಲ್ಲಿನ ಮೇಲೆ ಕಂದು ಕಲೆ ತರುತ್ತದೆ. ಹಲ್ಲು ಅಲ್ಲಾಡುವುದಕ್ಕೆ ಸಾಮಾನ್ಯವಾಗಿ ಕಾರಣ ಒಸಡಿನ ಕಾಯಿಲೆ. ಒಸಡಿನ ಕೆಳಗೆ ಕೊಳೆ ಕಲ್ಲಿನ ಹಾಗೆ ಕಟ್ಟಿ ಸೋಂಕಾಗುತ್ತದೆ. ಆ ಸೋಂಕಿನ ಜೊತೆ ದೇಹ ಹೋರಾಡುವಾಗ ಪಕ್ಕದ ದವಡೆ ಮೂಳೆಯೂ ಕರಗುತ್ತದೆ. ನೋವು ಕಡಿಮೆ, ಹಾಗಾಗಿ ಬೇಗ ಗೊತ್ತಾಗುವುದಿಲ್ಲ.

ಕೈ ಮುರಿದರೆ ಮೂಳೆ ಕೂಡಿಕೊಳ್ಳುತ್ತದೆ, ಅಲ್ವಾ? ಇಲ್ಲಿ ಯಾಕೆ ಬೆಳೆಯುವುದಿಲ್ಲ? ಕ್ಲೀನಿಂಗ್ ಆದಮೇಲೆ ಖಾಲಿ ಜಾಗಕ್ಕೆ ಒಸಡಿನ ಮೇಲ್ಪದರವೇ ಮೊದಲು ಓಡಿ ಬರುತ್ತದೆ. ಮೂಳೆ ನಿಧಾನ. ಯಾವ ಜೀವಕೋಶ ಮೊದಲು ತಲುಪುತ್ತದೋ ಜಾಗ ಅದರದ್ದೇ ಎಂದು ದಂತ ಸಂಶೋಧಕ ಮೆಲ್ಚರ್ 1976ರಲ್ಲಿ ವಿವರಿಸಿದರು. 1982ರಲ್ಲಿ ಸ್ವೀಡನ್ನಿನ ನೈಮನ್ ಮತ್ತು ಜೊತೆಗಾರರು ನಡುವೆ ತೆಳ್ಳಗಿನ ಪೊರೆ ಇಟ್ಟು ಒಸಡನ್ನು ತಡೆದರು. ಜಾಗ ಉಳಿಯಿತು. ಆದರೆ ಮೂಳೆಗೆ ‘ಬೆಳಿ’ ಎಂದು ಹೇಳುವವರು ಬೇಕಿತ್ತು.

ಆ ಹುಡುಕಾಟ ಬೇರೆ ಕಡೆ ಆಗಲೇ ಶುರುವಾಗಿತ್ತು. ಅಮೆರಿಕದ ಮೂಳೆ ವೈದ್ಯ ಮಾರ್ಷಲ್ ಯುರಿಸ್ಟ್ 1965ರಲ್ಲಿ ಒಂದು ಅಚ್ಚರಿ ತೋರಿಸಿದ್ದರು. ಖನಿಜ ತೆಗೆದ ಮೂಳೆಯನ್ನು ಪ್ರಾಣಿಗಳ ಮಾಂಸದೊಳಗೆ ಇಟ್ಟರೆ, ಮೂಳೆಯೇ ಇಲ್ಲದ ಆ ಜಾಗದಲ್ಲಿ ಹೊಸ ಮೂಳೆ ಹುಟ್ಟುತ್ತಿತ್ತು! ಅಂದರೆ ಮೂಳೆಯೊಳಗೇ ಏನೋ ಸಂದೇಶ ಅಡಗಿದೆ. ಅದು ಬಿಎಂಪಿ ಎಂಬ ಪ್ರೋಟೀನ್. ಅದರ ಜೀನ್ ಕೈಗೆ ಸಿಕ್ಕಿದ್ದು 1988ರಲ್ಲಿ. ಇಪ್ಪತ್ತಮೂರು ವರ್ಷ ಕಾದ ಆ ತಾಳ್ಮೆಗೆ ನಾನು ಕೈ ಮುಗಿಯುತ್ತೇನೆ.

ಇನ್ನೊಂದು ದಾರಿ ರಕ್ತದ್ದು. ಗಾಯವಾದಾಗ ಪ್ಲೇಟ್‌ಲೆಟ್‌ಗಳು ರಕ್ತ ನಿಲ್ಲಿಸುವುದಷ್ಟೇ ಅಲ್ಲ, ಸುತ್ತಲಿನ ಜೀವಕೋಶಗಳನ್ನು ಕರೆದು ಬೆಳೆಸುವ ಅಂಶಗಳನ್ನೂ ಬಿಡುತ್ತವೆ. ಅದರಲ್ಲಿ ಒಂದಾದ ಪಿಡಿಜಿಎಫ್ ಅನ್ನು ಲ್ಯಾಬಿನಲ್ಲಿ ತಯಾರಿಸಿ, ಮೂಳೆಪುಡಿಯಂಥ ವಸ್ತುವಿನ ಜೊತೆ ಹಲ್ಲಿನ ಬುಡಕ್ಕೆ ತುಂಬಲು ಅಮೆರಿಕ 2005ರಲ್ಲಿ ಒಪ್ಪಿಗೆ ಕೊಟ್ಟಿತು. ಜಪಾನ್ 2016ರಲ್ಲಿ ಎಫ್‌ಜಿಎಫ್-2 ಎಂಬ ಇನ್ನೊಂದು ಬೆಳೆಸುವ ಅಂಶಕ್ಕೆ ಒಪ್ಪಿಗೆ ನೀಡಿತು. ಇವೆಲ್ಲ ದುಬಾರಿ.

ನಮ್ಮಂಥವರಿಗೆ ಎಟುಕುವುದು 2001ರಲ್ಲಿ ಫ್ರಾನ್ಸಿನ ಷೂಕ್ರೂನ್ ತೋರಿಸಿದ ಪಿಆರ್‌ಎಫ್. ರೋಗಿಯದೇ ರಕ್ತವನ್ನು ಏನೂ ಬೆರೆಸದೆ ಯಂತ್ರದಲ್ಲಿ ಹತ್ತು-ಹನ್ನೆರಡು ನಿಮಿಷ ಗಿರಗಿರ ತಿರುಗಿಸುತ್ತಾರೆ. ನಡುವೆ ಹಳದಿ ಜೆಲ್ಲಿಯಂಥ ಪದರ ನಿಲ್ಲುತ್ತದೆ. ಬೆಳೆಸುವ ಅಂಶಗಳು ಅದರಿಂದ ನಿಧಾನವಾಗಿ ಹೊರಬರುತ್ತವೆ.

ಎಲ್ಲ ಹಲ್ಲಿಗೂ ಇದು ಆಗುವುದಿಲ್ಲ. ಕೆರೆಗೆ ಮೂರು ಕಡೆ ದಡ ಇದ್ದರೆ ತಾನೇ ನೀರು ನಿಲ್ಲುವುದು? ಹಾಗೇ ಸುತ್ತ ಮೂಳೆಯ ಗೋಡೆ ಉಳಿದ ಆಳದ ಗುಂಡಿ ಬೇಕು. ಮೂಳೆ ಸಮತಟ್ಟಾಗಿ ಇಳಿದಿದ್ದರೆ ಯಾವ ಅಂಶ ಹಾಕಿದರೂ ಪ್ರಯೋಜನ ಕಡಿಮೆ. ಬೀಡಿ, ಸಿಗರೇಟು, ಹಿಡಿತದಲ್ಲಿಲ್ಲದ ಸಕ್ಕರೆ ಕಾಯಿಲೆ ಇದ್ದರೂ ಕಷ್ಟ.

ಅಮ್ಮನ ಒಂದು ಹಲ್ಲನ್ನು ಕೀಳಬೇಕಾಯಿತು. ಇನ್ನೊಂದರ ಪಕ್ಕ ಗುಂಡಿ ಇತ್ತು, ಅಲ್ಲಿಗೆ ಪಿಆರ್‌ಎಫ್ ಇಟ್ಟರು. ಒಂಬತ್ತು ತಿಂಗಳಾದ ಮೇಲೆ ತೆಗೆದ ಎಕ್ಸ್‌ರೇಯಲ್ಲಿ, ಮೊದಲು ಪೂರ್ತಿ ಕಪ್ಪಗಿದ್ದ ಜಾಗದ ಕೆಳಭಾಗ ಬೂದು ಬಣ್ಣಕ್ಕೆ ತಿರುಗಿತ್ತು. ಈ ಸಲ ಅಮ್ಮ ಮಲ್ಗೋವ ಹೆಚ್ಚಿಸಿಕೊಂಡು ತಿಂದರು. ವಾಟೆ ಇನ್ನೂ ಬೇಡ ಎಂದಿದ್ದಾರೆ ಡಾಕ್ಟರು.