ಎರಡನೇ ಸಲದ ಗುರಿ

‘ಹಾಫ್-ಲೈಫ್ 2: ಎಪಿಸೋಡ್ ಟು’ ಎಂಬ ವಿಡಿಯೋ ಗೇಮ್‌ನ ಶುರುವಿನಲ್ಲೇ ಒಂದು ಬೊಂಬೆ ಸಿಗುತ್ತದೆ. ಗಡ್ಡದ ಕುಳ್ಳಪ್ಪ. ವಿದೇಶಗಳಲ್ಲಿ ಮನೆಯ ಕೈತೋಟದಲ್ಲಿ ನಿಲ್ಲಿಸುತ್ತಾರಲ್ಲ, ಅಂಥದ್ದು. ಕಥೆಗೂ ಅದಕ್ಕೂ ಸಂಬಂಧವೇ ಇಲ್ಲ. ಆದರೆ ಅದನ್ನು ಆಟದ ಉದ್ದಕ್ಕೂ ಹೊತ್ತುಕೊಂಡು ಹೋಗಿ, ಕೊನೆಯಲ್ಲಿ ಹಾರುವ ರಾಕೆಟ್‌ನೊಳಗೆ ಇಟ್ಟರೆ ಒಂದು ಅಚೀವ್‌ಮೆಂಟ್, ಅಂದರೆ ಸಾಧನೆಯ ಬ್ಯಾಡ್ಜ್, ನಿಮ್ಮದಾಗುತ್ತದೆ. ಅದರ ಹೆಸರು ‘ಲಿಟಲ್ ರಾಕೆಟ್ ಮ್ಯಾನ್’.

ಕೇಳೋಕೆ ಸುಲಭ. ಆದರೆ ಬೊಂಬೆ ಹಿಡಿದುಕೊಂಡಿದ್ದರೆ ಗುಂಡು ಹಾರಿಸೋಕೆ ಆಗಲ್ಲ. ಶತ್ರು ಬಂದಾಗಲೆಲ್ಲ ಅದನ್ನು ಕೆಳಗಿಟ್ಟು ಹೊಡೆದಾಡಬೇಕು, ಆಮೇಲೆ ಹುಡುಕಿ ಎತ್ತಿಕೊಳ್ಳಬೇಕು. ಕಾರು ಓಡಿಸುವ ಭಾಗ ಬಂತೆಂದರೆ ಇನ್ನೂ ಕಷ್ಟ. ರಸ್ತೆಯಲ್ಲಿ ಒಂದು ದಿಣ್ಣೆ ಹತ್ತಿಳಿದರೆ ಸಾಕು, ಕುಳ್ಳಪ್ಪ ಎಗರಿ ಆಚೆ ಬಿದ್ದಿರುತ್ತಾನೆ. ಮೇಲೆ ಹೆಲಿಕಾಪ್ಟರ್ ಬಾಂಬ್ ಉದುರಿಸುತ್ತಾ ಅಟ್ಟಿಸಿಕೊಂಡು ಬರುತ್ತಿದೆ. ನಾನು ಕಾರು ನಿಲ್ಲಿಸಿ, ಇಳಿದು, ಹುಲ್ಲಿನಲ್ಲಿ ಬೊಂಬೆ ಹುಡುಕುತ್ತಿದ್ದೇನೆ. ಹೀಗೆ ಎಷ್ಟು ಸಲ ಸತ್ತೆನೋ ಲೆಕ್ಕ ಇಟ್ಟಿಲ್ಲ. ಕೊನೆಗೆ ಸೀಟಿನ ಸಂದಿಗೆ ಅವನನ್ನು ಸಿಕ್ಕಿಸಿ, ಹಸುಗೂಸು ಕೂರಿಸಿಕೊಂಡವರ ಹಾಗೆ ನಿಧಾನಕ್ಕೆ ಓಡಿಸಲು ಕಲಿತೆ.

ಅಂತೂ ಅವನನ್ನು ರಾಕೆಟ್‌ನಲ್ಲಿ ಕಳಿಸಿಕೊಟ್ಟಾಗ ಪರದೆಯ ಮೂಲೆಯಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಚೌಕವೊಂದು ಮೂಡಿ ಮಾಯವಾಯಿತು. ಅಷ್ಟೇ. ದುಡ್ಡಿಲ್ಲ, ಬಹುಮಾನ ಇಲ್ಲ. ಆದರೂ ನನ್ನ ಕಣ್ಣು ಒದ್ದೆಯಾಗಿತ್ತು. ಅಷ್ಟು ಚಿಕ್ಕ ಚೌಕಕ್ಕೆ ಇಷ್ಟು ಶಕ್ತಿ ಎಲ್ಲಿಂದ ಬಂತು?

ಇಂಥ ಬ್ಯಾಡ್ಜ್‌ಗಳು ನಿನ್ನೆ ಮೊನ್ನೆಯವಲ್ಲ. 1982ರಲ್ಲಿ ಆ್ಯಕ್ಟಿವಿಷನ್ ಕಂಪನಿ ‘ಪಿಟ್‌ಫಾಲ್’ ಗೇಮ್ ತಂದಿತು. ಅದರಲ್ಲಿ 20,000 ಅಂಕ ದಾಟಿದವರು ಟಿವಿ ಪರದೆಯ ಫೋಟೋ ತೆಗೆದು ಅಂಚೆಯಲ್ಲಿ ಕಳಿಸಬೇಕಿತ್ತು. ಉತ್ತರವಾಗಿ ಬಟ್ಟೆಯ ಬ್ಯಾಡ್ಜ್ ಬರುತ್ತಿತ್ತು, ಅಂಗಿಗೆ ಹೊಲಿದುಕೊಳ್ಳೋಕೆ. 2005ರಲ್ಲಿ ಮೈಕ್ರೋಸಾಫ್ಟ್‌ನ ಗೇಮ್ ಯಂತ್ರ ಎಕ್ಸ್‌ಬಾಕ್ಸ್ 360 ಇದನ್ನೇ ಡಿಜಿಟಲ್ ಮಾಡಿ, ಪ್ರತಿ ಸಾಧನೆಗೂ ಅಂಕ ಕೊಟ್ಟು, ಒಟ್ಟು ಮೊತ್ತಕ್ಕೆ ಗೇಮರ್‌ಸ್ಕೋರ್ ಎಂದು ಕರೆಯಿತು. 2007ರಲ್ಲಿ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಅಚೀವ್‌ಮೆಂಟ್‌ಗಳು, 2008ರಲ್ಲಿ ಸೋನಿಯ ಗೇಮ್ ಯಂತ್ರ ಪ್ಲೇಸ್ಟೇಷನ್‌ನಲ್ಲಿ ಟ್ರೋಫಿಗಳು ಬಂದವು. ಕಂಚು, ಬೆಳ್ಳಿ, ಚಿನ್ನ, ಎಲ್ಲಾ ಮುಗಿಸಿದವರಿಗೆ ಪ್ಲಾಟಿನಂ.

ಗುರಿ ಕಷ್ಟದ್ದಾಗಿದ್ದಷ್ಟೂ ಮನುಷ್ಯ ಜಾಸ್ತಿ ಮಾಡುತ್ತಾನೆ ಎಂದು ತೋರಿಸಿದವರು ಎಡ್ವಿನ್ ಲಾಕ್ ಮತ್ತು ಗ್ಯಾರಿ ಲೇಥಮ್ ಎಂಬ ಮನಶ್ಶಾಸ್ತ್ರಜ್ಞರು. ಅವರ ಅಧ್ಯಯನಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಲಾರಿಗಳದ್ದು. ಅಮೆರಿಕದ ಒಕ್ಲಹೋಮಾದಲ್ಲಿ ಕಾಡಿನಿಂದ ಮರದ ದಿಮ್ಮಿ ಸಾಗಿಸುವ ಲಾರಿಗಳು ಅರ್ಧಂಬರ್ಧ ಲೋಡ್ ಆಗಿ ಓಡುತ್ತಿದ್ದವು. ಕಾನೂನು ಒಪ್ಪುವ ತೂಕದ ಸುಮಾರು 60 ಪರ್ಸೆಂಟ್ ಮಾತ್ರ. ‘ನಿಮ್ಮ ಕೈಲಾದಷ್ಟು ತುಂಬಿ’ ಎಂದು ಹೇಳಿದ್ದಷ್ಟೇ ಬಂತು, ಏನೂ ಬದಲಾಗಲಿಲ್ಲ. ಆಮೇಲೆ ಒಂದೇ ಒಂದು ಸಂಖ್ಯೆ ಕೊಟ್ಟರು: 94 ಪರ್ಸೆಂಟ್. ಸಂಬಳ ಏರಿಸಲಿಲ್ಲ, ಬೋನಸ್ ಕೊಡಲಿಲ್ಲ. ಆದರೂ ಕೆಲವೇ ತಿಂಗಳಲ್ಲಿ ಲೋಡ್ 90 ದಾಟಿತು. ಈ ವರದಿ ಪ್ರಕಟವಾದದ್ದು 1975ರಲ್ಲಿ.

‘ಕೈಲಾದಷ್ಟು’ ಎಂಬುದಕ್ಕೆ ಅಳತೆ ಇಲ್ಲ. ಎಲ್ಲಿ ನಿಂತರೂ ಮನಸ್ಸು ‘ನನ್ನ ಕೈಲಾದದ್ದು ಇಷ್ಟೇ’ ಅಂತ ಒಪ್ಪಿಕೊಂಡುಬಿಡುತ್ತದೆ. 94 ಎಂದಾಗ ಹಾಗೆ ನಿಲ್ಲೋಕೆ ಆಗಲ್ಲ. ಅಚೀವ್‌ಮೆಂಟ್ ಮಾಡುವುದೂ ಇದನ್ನೇ. ‘ಚೆನ್ನಾಗಿ ಆಡು’ ಅನ್ನುವುದಿಲ್ಲ. ಬೊಂಬೆಯನ್ನು ಬಾಹ್ಯಾಕಾಶಕ್ಕೆ ಕಳಿಸು ಅನ್ನುತ್ತದೆ. ಕಳಿಸಿದ್ದೀರಿ, ಇಲ್ಲವೇ ಕಳಿಸಿಲ್ಲ.

ಇನ್ನು ದೊಡ್ಡ ಗುರಿ ಎಂದರೆ ಎಷ್ಟು ದೊಡ್ಡದು? ಗೇಮರ್‌ಸ್ಕೋರ್‌ನಲ್ಲಿ 10 ಲಕ್ಷ ಮುಟ್ಟಬೇಕು ಎಂದು ಹೊರಟವರು ಅಮೆರಿಕದ ರೇ ಕಾಕ್ಸ್. ಡಿಸ್ಕ್‌ನಲ್ಲಿ ಬರುತ್ತಿದ್ದ ಒಂದು ಗೇಮ್‌ಗೆ ಆಗ ಸಾಮಾನ್ಯವಾಗಿ 1,000 ಅಂಕ. ಅಂದರೆ ಸಾವಿರ ಗೇಮ್‌ಗಳನ್ನು ಒಂದಂಕವೂ ಬಿಡದೆ ಮುಗಿಸಿದಷ್ಟು. 2014ರ ಮಾರ್ಚ್‌ನಲ್ಲಿ ಅವರು ಅದನ್ನು ಮುಟ್ಟಿದರು. ಎಕ್ಸ್‌ಬಾಕ್ಸ್ 360 ಬಂದು ಆಗ ಎಂಟು ವರ್ಷ ದಾಟಿತ್ತು. ಎಂಟು ವರ್ಷಕ್ಕೆ ಹರಡಿದರೆ ದಿನಕ್ಕೆ ಸುಮಾರು 340 ಅಂಕ. 10 ಲಕ್ಷ ಅಂದಾಗ ಎದೆ ನಡುಗುತ್ತದೆ. ಇವತ್ತಿಗೆ 340 ಅಂದಾಗ ಕಂಟ್ರೋಲರ್‌ಗೆ ಕೈ ಹೋಗುತ್ತದೆ.

ದೂರದ ಗುರಿಯನ್ನು ಹೀಗೆ ಹತ್ತಿರಕ್ಕೆ ಎಳೆದುಕೊಂಡರೆ ಏನಾಗುತ್ತದೆ ಎಂದು ಆಲ್ಬರ್ಟ್ ಬಂಡೂರ ಮತ್ತು ಡೇಲ್ ಶುಂಕ್ 1981ರಲ್ಲಿ ಮಕ್ಕಳ ಮೇಲೆ ನೋಡಿದ್ದರು. ಲೆಕ್ಕದಲ್ಲಿ ಹಿಂದುಳಿದ, ಲೆಕ್ಕ ಅಂದರೆ ಬೇಸರ ಪಡುತ್ತಿದ್ದ ಮಕ್ಕಳು. ಮಾಡಬೇಕಾದದ್ದು 42 ಪುಟ ಕಳೆಯುವ ಲೆಕ್ಕ, ಏಳು ಸಲ ಕೂತು. ಒಂದು ಗುಂಪಿಗೆ ‘ಕೊನೆಯೊಳಗೆ 42 ಪುಟ ಮುಗಿಸಿ’ ಅಂದರು. ಇನ್ನೊಂದಕ್ಕೆ ‘ಪ್ರತಿ ಸಲ ಕೂತಾಗ ಆರು ಪುಟ’ ಅಂದರು. ಲೆಕ್ಕ ಒಂದೇ, ಅಲ್ವಾ? ಆದರೆ ಆರು ಪುಟದ ಮಕ್ಕಳು ಬೇಗ ಕಲಿತರು, ತಮ್ಮ ಮೇಲೆ ನಂಬಿಕೆ ಬೆಳೆಸಿಕೊಂಡರು. ಆಮೇಲೆ ಯಾರೂ ಹೇಳದಿದ್ದಾಗಲೂ ತಾವಾಗಿಯೇ ಲೆಕ್ಕ ಮಾಡೋಕೆ ಕೂತರು. ಬೇಸರವಾಗಿದ್ದ ವಿಷಯವೇ ಇಷ್ಟವಾಗತೊಡಗಿತ್ತು.

ಇಷ್ಟು ಓದಿದವರಿಗೆ ಹೊಸ ಗೇಮ್ ಹಾಕಿದ ಮೊದಲ ದಿನವೇ ಪ್ಲಾಟಿನಂ ಗುರಿ ಇಟ್ಟುಬಿಡೋಣ ಅನ್ನಿಸಬಹುದು. ನಾನೂ ಒಂದು ಗೇಮ್‌ಗೆ ಹಾಗೇ ಮಾಡಿದೆ. ಮೊಬೈಲ್‌ನಲ್ಲಿ ಟ್ರೋಫಿಗಳ ಪಟ್ಟಿ ತೆರೆದು ಪಕ್ಕದಲ್ಲಿಟ್ಟುಕೊಂಡೆ. ಪರದೆಯ ಮೇಲೆ ತಾಯಿಯೊಬ್ಬಳು ಸಾಯುತ್ತಿದ್ದಳು, ನಾನು ಆ ಕೋಣೆಯ ಮೂಲೆಯಲ್ಲಿ ಬಚ್ಚಿಟ್ಟ ಪೆಟ್ಟಿಗೆ ಹುಡುಕುತ್ತಿದ್ದೆ. ಮೂವತ್ತು ಗಂಟೆ ಆಡಿದ ಆ ಕಥೆ ಇವತ್ತು ಕೇಳಿದರೆ ನನಗೆ ಹೇಳೋಕೆ ಬರಲ್ಲ. ಅದಕ್ಕಿಂತ ಹೆಚ್ಚಾಗಿ, ಆಟವನ್ನೂ ಸರಿಯಾಗಿ ಕಲಿಯಲಿಲ್ಲ. ಕಷ್ಟದ ಲೆವೆಲ್ ಬಂದಾಗ ಕೈ ನಿಂತೇ ಹೋಯಿತು.

ಇದಕ್ಕೂ ವಿಜ್ಞಾನದಲ್ಲಿ ಕಾರಣ ಇದೆ. ರೂತ್ ಕ್ಯಾನ್ಫರ್ ಮತ್ತು ಫಿಲಿಪ್ ಆ್ಯಕರ್‌ಮನ್ ಅಮೆರಿಕದ ವಾಯುಪಡೆಯ ತರಬೇತಿಯವರಿಗೆ ಕಂಪ್ಯೂಟರ್‌ನಲ್ಲಿ ವಿಮಾನ ಇಳಿಸುವ ಕೆಲಸ ಕೊಟ್ಟರು. ನೋಡೋಕೆ ಅದೂ ಒಂದು ಗೇಮ್‌ನಂತೆಯೇ ಇತ್ತು. ಗಾಳಿ, ರನ್‌ವೇ, ಇಂಧನ, ಎಲ್ಲಾ ನಿಯಮ ನೋಡಿಕೊಂಡು ವಿಮಾನಗಳನ್ನು ಇಳಿಸಬೇಕು. ಕಲಿಕೆಯ ಶುರುವಿನಲ್ಲೇ ಕಷ್ಟದ ಗುರಿ ಕೊಟ್ಟಾಗ ಅದು ಸಹಾಯ ಮಾಡುವ ಬದಲು ಅಡ್ಡಿಯಾಯಿತು. ಕೆಲಸ ಕೈಗೆ ಹತ್ತಿದ ಮೇಲೆ ಕೊಟ್ಟಾಗ ಗುರಿ ಕೆಲಸ ಮಾಡಿತು. ಈ ಫಲಿತಾಂಶ ಹೊರಬಂದದ್ದು 1989ರಲ್ಲಿ. ನಮ್ಮ ಗಮನಕ್ಕೆ ಒಂದು ಮಿತಿ ಇದೆ. ಹೊಸದನ್ನು ಕಲಿಯುವಾಗ ಅದೆಲ್ಲ ಕಲಿಕೆಗೇ ಬೇಕು. ‘ಎಷ್ಟಾಯ್ತು, ಇನ್ನೆಷ್ಟು ಬಾಕಿ’ ಎಂಬ ಲೆಕ್ಕಕ್ಕೆ ಅದರಲ್ಲಿ ಪಾಲು ಕೊಟ್ಟರೆ ಕಲಿಕೆಗೆ ಕಡಿಮೆ ಬೀಳುತ್ತದೆ. ಲಾರಿ ಡ್ರೈವರ್‌ಗಳಿಗೆ ದಿಮ್ಮಿ ತುಂಬುವುದು ಮೊದಲೇ ಗೊತ್ತಿತ್ತು. ಅದಕ್ಕೇ 94 ಅವರನ್ನು ಕೆಡಿಸಲಿಲ್ಲ.

ಟ್ರೋಫಿ ಬೇಟೆಯಲ್ಲಿ ಪಳಗಿದ ಎಷ್ಟೋ ಜನ ಮೊದಲ ಸಲ ಪಟ್ಟಿಯನ್ನೇ ನೋಡದೆ ಕಥೆ ಮುಗಿಸುತ್ತಾರೆ, ಎರಡನೇ ಸಲ ಗುರಿ ಇಟ್ಟು ಕೂರುತ್ತಾರೆ. ಯಾವ ಪ್ರಬಂಧವನ್ನೂ ಓದದೆ, ಆಡಿ ಆಡಿಯೇ ಅವರು ಕಂಡುಕೊಂಡ ದಾರಿ ಇದು. ನನಗೆ ಅವರ ಮೇಲೆ ತುಂಬಾ ಗೌರವ ಇದೆ.

ಅಭ್ಯಾಸದ ಬಗ್ಗೆ ಒಂದು ಮಾತು. ರಾತ್ರಿ ಒಂದು ಗಂಟೆಯವರೆಗೆ ಸೋಲಿಸೋಕೆ ಆಗದ ಬಾಸ್, ಅಂದರೆ ಗೇಮ್‌ನ ದೊಡ್ಡ ಶತ್ರು, ಬೆಳಿಗ್ಗೆ ಮೊದಲ ಸಲಕ್ಕೇ ಸತ್ತುಹೋದದ್ದು ಆಡುವವರಿಗೆಲ್ಲ ಗೊತ್ತು. ಮ್ಯಾಥ್ಯೂ ವಾಕರ್ ಮತ್ತು ಸಂಗಡಿಗರು 2002ರಲ್ಲಿ ಜನರಿಗೆ ಬೆರಳಿನಿಂದ ಕೀಲಿ ಒತ್ತುವ ಒಂದು ಸರಣಿ ಕಲಿಸಿದರು. ಒಂದು ರಾತ್ರಿ ನಿದ್ದೆಯ ನಂತರ, ಮತ್ತೆ ಅಭ್ಯಾಸ ಮಾಡದೆಯೇ, ಅವರ ವೇಗ ಸುಮಾರು 20 ಪರ್ಸೆಂಟ್ ಏರಿತ್ತು. ಮಲಗಿದಾಗಲೂ ಮಿದುಳು ಆ ಪಾಠವನ್ನು ಗಟ್ಟಿ ಮಾಡುತ್ತಿರುತ್ತದೆ. ‘ಇನ್ನೊಂದೇ ಸಲ’ ಅನ್ನುವಾಗ ಇದು ನೆನಪಿಗೆ ಬರಲಿ.

ಬಹುಮಾನಕ್ಕೆ ಇನ್ನೊಂದು ಮುಖವೂ ಇದೆ. 1973ರಲ್ಲಿ ಮಾರ್ಕ್ ಲೆಪರ್ ಮತ್ತು ಜೊತೆಗಾರರು ಚಿತ್ರ ಬಿಡಿಸುವುದು ಇಷ್ಟವಿದ್ದ ಪುಟ್ಟ ಮಕ್ಕಳನ್ನು ಆರಿಸಿಕೊಂಡು, ಕೆಲವರಿಗೆ ‘ಬಿಡಿಸಿದರೆ ಸರ್ಟಿಫಿಕೇಟ್ ಕೊಡ್ತೀವಿ’ ಎಂದು ಮೊದಲೇ ಹೇಳಿದರು. ಕೆಲವು ದಿನ ಬಿಟ್ಟು ನೋಡಿದರೆ ಆ ಮಕ್ಕಳು ಚಿತ್ರ ಬಿಡಿಸುವ ಹೊತ್ತು ಉಳಿದವರ ಅರ್ಧಕ್ಕೆ ಇಳಿದಿತ್ತು. ಆದರೆ ಹೇಳದೆ, ಕೊನೆಯಲ್ಲಿ ಅದೇ ಸರ್ಟಿಫಿಕೇಟ್ ಪಡೆದ ಮಕ್ಕಳ ಆಸೆ ಕುಗ್ಗಲಿಲ್ಲ. ಗೇಮ್‌ಗಳಲ್ಲಿ ಹೆಸರು ಮುಚ್ಚಿಟ್ಟ ಸೀಕ್ರೆಟ್ ಅಚೀವ್‌ಮೆಂಟ್‌ಗಳು ಇರುತ್ತವಲ್ಲ, ಅವು ನನಗೆ ಯಾಕೆ ಅಷ್ಟು ಇಷ್ಟ ಎಂದು ಇದನ್ನು ಓದಿದ ಮೇಲೆ ಹೊಳೆಯಿತು.

ಅಂದಹಾಗೆ, ಆ ಕುಳ್ಳಪ್ಪ ನಿಜವಾಗಿಯೂ ಬಾಹ್ಯಾಕಾಶಕ್ಕೆ ಹೋದ ಹಾಗಾಯಿತು. 2020ರ ನವೆಂಬರ್‌ನಲ್ಲಿ ನ್ಯೂಜಿಲೆಂಡ್‌ನಿಂದ ಹಾರಿದ ರಾಕೆಟ್ ಲ್ಯಾಬ್ ಕಂಪನಿಯ ಎಲೆಕ್ಟ್ರಾನ್ ರಾಕೆಟ್‌ನಲ್ಲಿ, 3ಡಿ ಪ್ರಿಂಟ್ ಮಾಡಿದ ಟೈಟಾನಿಯಂ ಬೊಂಬೆಯಾಗಿ. ಕಳಿಸಿದವರು ಆ ಗೇಮ್ ಕಂಪನಿಯ ಮುಖ್ಯಸ್ಥ ಗೇಬ್ ನ್ಯೂವೆಲ್.

ಕಳೆದ ವಾರ ಎಂಜಿನಿಯರಿಂಗ್ ಓದುವ ಅಣ್ಣನ ಮಗಳು ಇದೇ ಗೇಮ್ ಶುರು ಮಾಡಿದಳು. ನಾನು ಏನೂ ಹೇಳಿರಲಿಲ್ಲ. ಅರ್ಧ ಗಂಟೆಗೆ ಫೋನ್ ಬಂತು.

“ಚಿಕ್ಕಪ್ಪಾ, ಇಲ್ಲೊಂದು ಗಡ್ಡದ ಬೊಂಬೆ ಬಿದ್ದಿದೆ. ಎತ್ಕೊಂಡ್ರೆ ಏನಾದ್ರೂ ಉಪಯೋಗ ಇದೆಯಾ?”

ಬಾಯಿತುದಿಗೆ ಬಂದದ್ದನ್ನು ಹಾಗೇ ತಡೆದುಕೊಂಡೆ.

“ಅಲ್ಲೇ ಇರಲಿ ಬಿಡು ಪುಟ್ಟೀ. ಮೊದಲು ಕಥೆ ಮುಗಿಸು. ಮುಗಿದ ಮೇಲೆ ಫೋನ್ ಮಾಡು.”