ನೀರಿನ ಬಳಕೆಯ ದಕ್ಷತೆ: ಉಳಿತಾಯವೆಂದು ಓದಬೇಡಿ

ನೀರಾವರಿ ಯೋಜನೆಗಳ ವರದಿಗಳಲ್ಲಿ, ವಿಚಾರ ಸಂಕಿರಣಗಳ ಆಹ್ವಾನ ಪತ್ರಿಕೆಗಳಲ್ಲಿ, ಇಲಾಖೆಗಳ ಪ್ರಕಟಣೆಗಳಲ್ಲಿ ‘ನೀರಿನ ಬಳಕೆಯ ದಕ್ಷತೆ’ ಎಂಬ ಮಾತನ್ನು ‘ನೀರಿನ ಉಳಿತಾಯ’ ಎಂಬ ಅರ್ಥದಲ್ಲಿಯೇ ಬಳಸುವುದು ರೂಢಿಯಾಗಿಬಿಟ್ಟಿದೆ. ದಕ್ಷತೆಯನ್ನು ಶೇ 20ರಷ್ಟು ಹೆಚ್ಚಿಸಬೇಕೆಂಬುದು ರಾಷ್ಟ್ರೀಯ ಜಲ ಮಿಷನ್ನಿನ ಗುರಿಗಳಲ್ಲೊಂದು. ಅದನ್ನು ಉಲ್ಲೇಖಿಸುವ ಅನೇಕರು ಅಷ್ಟೂ ನೀರು ಜಲಾಶಯದಲ್ಲಿ ಮಿಕ್ಕುತ್ತದೆ ಎಂದೇ ಬರೆಯುತ್ತಾರೆ. ಹಾಗೆ ಮಿಕ್ಕುವುದಿಲ್ಲ. ರಾಜ್ಯದ ನೀತಿಯನ್ನು ಈ ತಪ್ಪು ಲೆಕ್ಕದ ಮೇಲೆ ಕಟ್ಟಿದರೆ ಪೆಟ್ಟು ಬೀಳುವುದು ನಾಲೆಯ ಕೊನೆ ಭಾಗದ ರೈತರಿಗೆ ಮತ್ತು ಕೊಳವೆಬಾವಿಯನ್ನೇ ನಂಬಿದವರಿಗೆ.

ಎಂಜಿನಿಯರುಗಳ ಭಾಷೆಯಲ್ಲಿ ದಕ್ಷತೆ ಎಂದರೆ ಒಂದು ಅನುಪಾತ: ಬಿಟ್ಟ ನೀರಿನಲ್ಲಿ ಬೆಳೆಯ ಬೇರಿಗೆ ದಕ್ಕಿದ್ದು ಎಷ್ಟು ಎಂಬುದು. ನಾಲೆಯಲ್ಲಿ ಸಾಗುವಾಗ 100 ಪಾಲಿನಲ್ಲಿ 70 ಪಾಲು ಹೊಲ ತಲುಪಿ, ಅದರಲ್ಲಿ ಶೇ 60ರಷ್ಟು ಬೇರಿಗೆ ಸಿಕ್ಕರೆ ಒಟ್ಟು ದಕ್ಷತೆ ಶೇ 42. ಇದನ್ನು ‘ಶೇ 20ರಷ್ಟು ಹೆಚ್ಚಿಸುವುದು’ ಎಂದರೆ 42ರಿಂದ ಸುಮಾರು 50ಕ್ಕೆ ಏರಿಸುವುದೋ, 62ಕ್ಕೆ ಏರಿಸುವುದೋ ಎಂಬುದನ್ನು ಕೂಡ ಸ್ಪಷ್ಟಪಡಿಸದೆ ಬರೆಯುವವರಿದ್ದಾರೆ. ಕೃಷಿ ವಿಜ್ಞಾನಿಗಳು ಅದೇ ಹೆಸರಿನಲ್ಲಿ ಹೇಳುವುದು ಬೇರೆಯೇ ಸಂಗತಿ. ಒಂದು ಘನ ಮೀಟರ್ ನೀರಿಗೆ ಎಷ್ಟು ಕಿಲೋ ಫಸಲು ಬಂತು ಎಂಬುದು ಅವರ ಅಳತೆ. ಒಳ್ಳೆಯ ತಳಿ, ಸಕಾಲದ ಗೊಬ್ಬರ, ಕಳೆ ನಿರ್ವಹಣೆ ಇವುಗಳಿಂದಲೇ ಈ ಅಳತೆ ಏರಬಹುದು, ಆದರೆ ನೀರು ಒಂದು ಹನಿಯೂ ಕಡಿಮೆಯಾಗಿರುವುದಿಲ್ಲ.

ನಿಜವಾದ ಗೊಂದಲ ಇರುವುದು ಉಳಿದ 58 ಪಾಲಿನಲ್ಲಿ. ಅದು ‘ಪೋಲಾಯಿತು’ ಎಂದು ಬರೆದು ಮುಂದೆ ಹೋಗುವವರು ಅದು ಹೋದದ್ದೆಲ್ಲಿಗೆ ಎಂದು ಕೇಳುವುದೇ ಇಲ್ಲ. ಒಂದಷ್ಟು ಆವಿಯಾಗುತ್ತದೆ, ಅದು ನಿಜಕ್ಕೂ ಹೋದ ನೀರು. ಮಿಕ್ಕದ್ದರಲ್ಲಿ ಒಂದು ಪಾಲು ಬಸಿದು ಪಕ್ಕದ ಬಾವಿಗಳನ್ನು ತುಂಬುತ್ತದೆ, ಇನ್ನೊಂದು ಪಾಲು ಬಸಿಗಾಲುವೆಯ ಮೂಲಕ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ ಸೇರಿ ಕೆಳಗಿನ ಇನ್ಯಾರದೋ ತೂಬಿಗೆ ಬರುತ್ತದೆ. ಕಾವೇರಿಯ ಹಳೆಯ ಅಚ್ಚುಕಟ್ಟುಗಳಲ್ಲಿ ಬಸಿನೀರನ್ನು ನಂಬಿಕೊಂಡ ಬಾವಿಗಳೂ ಗದ್ದೆಗಳೂ ಇವೆ. ಅಲ್ಲಿ ನಾಲೆಯ ತಳಕ್ಕೆ ಕಾಂಕ್ರೀಟ್ ಹಾಕಿದಾಗ ನಾಲೆಯ ದಕ್ಷತೆ ಏರುವುದು ಸತ್ಯ, ಆ ಬಾವಿಗಳಿಗೆ ಇಳಿಯುತ್ತಿದ್ದ ನೀರು ತಪ್ಪುವುದೂ ಅಷ್ಟೇ ಸತ್ಯ. ಇದು ಉಳಿತಾಯವಲ್ಲ, ಒಬ್ಬರ ಪಾಲನ್ನು ಇನ್ನೊಬ್ಬರಿಗೆ ವರ್ಗಾಯಿಸುವುದು. ವರ್ಗಾವಣೆ ತಪ್ಪೆಂದಲ್ಲ, ಕೊನೆ ಭಾಗದವರಿಗೆ ಅದು ನ್ಯಾಯವೇ ಆಗಿರಬಹುದು. ಆದರೆ ಅದನ್ನು ಅದರ ಹೆಸರಿನಿಂದಲೇ ಕರೆಯಬೇಕು.

ತುಂಗಭದ್ರಾ ಎಡದಂಡೆಯ ಕಥೆ ಬೇರೆ. ಮಿತ ನೀರಾವರಿ ಬೆಳೆಗಳನ್ನೇ ಹೆಚ್ಚಾಗಿ ಲೆಕ್ಕಕ್ಕಿಟ್ಟು ರೂಪಿಸಿದ ಆ ಅಚ್ಚುಕಟ್ಟಿನ ಮೇಲ್ಭಾಗವಾದ ಗಂಗಾವತಿ ಸೀಮೆಯಲ್ಲಿ ಭತ್ತ ತುಂಬಿಕೊಂಡಿತು, ಕೊನೆ ಭಾಗದ ಮಾನ್ವಿ, ರಾಯಚೂರಿನ ರೈತರು ಪ್ರತಿ ಹಂಗಾಮಿನಲ್ಲೂ ನೀರಿಗಾಗಿ ಧರಣಿ ಕೂರುವಂತಾಯಿತು. ಕಪ್ಪು ಮಣ್ಣಿನಲ್ಲಿ ನಿಂತು ಬಸಿದ ನೀರು ಎಷ್ಟೋ ಜಮೀನನ್ನು ಜೌಗು ಮಾಡಿತು, ಉಪ್ಪು ಮೇಲೆದ್ದು ಭೂಮಿ ಸವುಳಾಯಿತು. ಅಂಥಲ್ಲಿ ತಡೆದ ಬಸಿನೀರು ಅಪ್ಪಟ ಲಾಭ. ಒಂದೇ ಬಸಿನೀರು ಒಂದು ಕಡೆ ಬಾವಿಯ ಜೀವ, ಇನ್ನೊಂದು ಕಡೆ ಭೂಮಿಯ ರೋಗ ಎಂದಾದ ಮೇಲೆ, ಇಡೀ ರಾಜ್ಯಕ್ಕೆ ಒಂದೇ ಶೇಕಡಾವಾರು ಗುರಿ ಬರೆಯುವ ನೀತಿಯಿಂದ ಏನು ತಿಳಿದೀತು?

ಹನಿ ನೀರಾವರಿಯ ವಿಷಯದಲ್ಲಿ ಈ ತಪ್ಪು ಇನ್ನೂ ದುಬಾರಿ. ಕರ್ನಾಟಕದಲ್ಲಿ ಹನಿ ನೀರಾವರಿಗೆ ಶೇ 90ರವರೆಗೆ ಸಹಾಯಧನ ಸಿಕ್ಕಿದೆ, 10 ಎಚ್‌ಪಿವರೆಗಿನ ಪಂಪ್‌ಸೆಟ್ಟುಗಳಿಗೆ ವಿದ್ಯುತ್ ಉಚಿತ. ಚಿತ್ರದುರ್ಗ, ತುಮಕೂರು ಕಡೆಯ ಒಂದು ಅಡಿಕೆ ತೋಟವನ್ನು ನೋಡಿ. ಕೊಳವೆಬಾವಿಯಲ್ಲಿ ಎರಡು ಇಂಚು ನೀರು, ಮೋಟರಿಗೆ ಆಟೋ ಸ್ಟಾರ್ಟರ್. ತ್ರೀಫೇಸ್ ಕರೆಂಟ್ ಬಂದ ಕೂಡಲೇ ಮೋಟರ್ ಹೊರಡುತ್ತದೆ, ಹೋದಾಗ ನಿಲ್ಲುತ್ತದೆ. ಅಂದರೆ ದಿನಕ್ಕೆ ಎಷ್ಟು ನೀರು ಮೇಲೆ ಬರಬೇಕೆಂದು ತೀರ್ಮಾನಿಸುವುದು ಕರೆಂಟಿನ ಅವಧಿಯೇ ಹೊರತು ಗಿಡದ ಬುಡದ ಡ್ರಿಪ್ಪರ್ ಅಲ್ಲ. ಕಾಲುವೆಯಲ್ಲಿ ಹಾಯಿಸುತ್ತಿದ್ದಾಗ ಎರಡು ಎಕರೆಗೆ ಸಾಲುತ್ತಿದ್ದ ನೀರು ಹನಿ ಪೈಪು ಹಾಕಿದ ಮೇಲೆ ಮೂರು ಎಕರೆಗೆ ಸಾಕಾಗುತ್ತದೆ, ಮೂರನೆಯ ಎಕರೆಗೂ ಅಡಿಕೆ ಸಸಿ ಬರುತ್ತದೆ. ಹೆಚ್ಚು ಉಳಿದರೆ ಪ್ಲಾಸ್ಟಿಕ್ ಹಾಸಿದ ಹೊಂಡ ತುಂಬುತ್ತದೆ, ಅಲ್ಲಿಂದ ಬೇಸಿಗೆಯಲ್ಲಿ ಆವಿಯೂ ಆಗುತ್ತದೆ. ಎತ್ತಿದ ನೀರು ಮೊದಲಿನಷ್ಟೇ, ಬೆಳೆ ಕುಡಿದದ್ದು ಹೆಚ್ಚು, ಭೂಮಿಗೆ ಮರಳಿ ಇಂಗಿದ್ದು ಕಡಿಮೆ. ರೈತನ ಆದಾಯ ಹೆಚ್ಚಿದ್ದು ಒಳ್ಳೆಯದೇ, ಅದರಲ್ಲಿ ಅವನ ತಪ್ಪು ಎಳ್ಳಷ್ಟೂ ಇಲ್ಲ. ತಪ್ಪು ಇರುವುದು ಆ ತೋಟವನ್ನು ತೋರಿಸಿ ‘ಅಂತರ್ಜಲ ಉಳಿಯಿತು’ ಎಂದು ಬರೆಯುವ ವರದಿಯಲ್ಲಿ.

ಇದಕ್ಕೆ ಎದುರಾಗಿ ಪಂಜಾಬಿನ 2009ರ ಕಾಯ್ದೆಯನ್ನು ನೋಡಬಹುದು. ಜೂನ್ 10ಕ್ಕೆ ಮೊದಲು ಭತ್ತದ ನಾಟಿ ಮಾಡಬಾರದು ಎಂಬ ಅದರ ಮೂಲ ನಿಯಮದಲ್ಲಿ ದಕ್ಷತೆಯ ಶೇಕಡಾವಾರು ಇರಲೇ ಇಲ್ಲ. ಆದರೆ ಮೇ ತಿಂಗಳ ಸುಡುಬಿಸಿಲಿನಲ್ಲಿ ಗದ್ದೆಯಿಂದ ಆವಿಯಾಗಿ ಹೋಗುತ್ತಿದ್ದ ನೀರನ್ನು ಅದು ತಡೆಯಿತು. ಮರಳಿ ಯಾರಿಗೂ ಸಿಗದ ನೀರು ಅದು. ನಾಟಿ ತಡವಾಗಿ, ಕೊಯ್ಲಿಗೂ ಮುಂದಿನ ಬಿತ್ತನೆಗೂ ನಡುವಿನ ದಿನಗಳು ಕಡಿಮೆಯಾಗಿ ಕೂಳೆ ಸುಡುವ ಸಮಸ್ಯೆ ಬಿಗಡಾಯಿಸಿತು ಎಂಬ ಆಕ್ಷೇಪವೂ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. ಆದರೂ ನೀರಿನ ಲೆಕ್ಕದ ಮಟ್ಟಿಗೆ ಅದು ಸರಿಯಾದ ಜಾಗಕ್ಕೆ ಕೈಹಾಕಿದ ಕಾಯ್ದೆ.

ಕೃಷ್ಣಾ ಕಣಿವೆಯಲ್ಲಿ ರಾಜ್ಯದ ಪಾಲನ್ನು ನ್ಯಾಯಮಂಡಳಿ ಟಿಎಂಸಿಗಳಲ್ಲಿ ನಿಗದಿ ಮಾಡಿದೆ. ಅಲ್ಲಿ ದಕ್ಷತೆ ಹೆಚ್ಚಿಸುವ ಉದ್ದೇಶವೇ ಅದೇ ಪಾಲಿನಲ್ಲಿ ಹೆಚ್ಚು ಎಕರೆ ನೆನೆಸುವುದು. 2023ರಲ್ಲಿ ಉದ್ಘಾಟನೆಯಾದ ನಾರಾಯಣಪುರ ಎಡದಂಡೆ ನಾಲೆಯ ಆಧುನೀಕರಣ, ಹುನಗುಂದ ತಾಲ್ಲೂಕಿನ 24,000 ಹೆಕ್ಟೇರಿನ ರಾಮಥಾಳ ಹನಿ ನೀರಾವರಿ ಯೋಜನೆ ಇವೆಲ್ಲ ಆ ಬಗೆಯವು. ಇವುಗಳನ್ನು ‘ವಿಸ್ತರಣೆ’ ಎಂದೋ ‘ಹಂಚಿಕೆಯ ಸುಧಾರಣೆ’ ಎಂದೋ ಕರೆದರೆ ಮರ್ಯಾದೆಗೆ ಕುಂದಿಲ್ಲ. ಹಾಗೆ ಕರೆದಾಗ ಕೇಳಬೇಕಾದ ಪ್ರಶ್ನೆಯೂ ಸರಿಯಾಗುತ್ತದೆ: ಕೊನೆಯ ತೂಬಿಗೆ ಎಷ್ಟು ದಿನ ನೀರು ತಲುಪಿತು?

ನಗರಗಳಿಗೂ ಈ ಮಾತು ಅನ್ವಯಿಸುತ್ತದೆ. ಕಾವೇರಿ ನ್ಯಾಯಮಂಡಳಿ ಕುಡಿಯುವ ನೀರಿಗಾಗಿ ಎತ್ತಿದ್ದರಲ್ಲಿ ಶೇ 20ನ್ನು ಮಾತ್ರ ನಿಜವಾದ ಬಳಕೆ ಎಂದು ಪರಿಗಣಿಸಿತು, ಮಿಕ್ಕದ್ದು ಕೊಳಚೆಯಾಗಿ ಹೊರಬರುತ್ತದೆ ಎಂಬ ಕಾರಣಕ್ಕೆ. ಬೆಂಗಳೂರಿನ ಆ ಕೊಳಚೆಯ ಒಂದು ಭಾಗ ಶುದ್ಧೀಕರಣಗೊಂಡು ಕೆ.ಸಿ. ವ್ಯಾಲಿ ಯೋಜನೆಯ ಮೂಲಕ 2018ರಿಂದ ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ಆದ್ದರಿಂದ ನಗರದ ಮನೆಗಳು ಬಚ್ಚಲಿನಲ್ಲಿ ಕಡಿಮೆ ನೀರು ಬಳಸಿದರೆ ತೊರೆಕಾಡನಹಳ್ಳಿಯಿಂದ ಬೆಂಗಳೂರಿಗೆ ಕಾವೇರಿ ನೀರೆತ್ತುವ ವಿದ್ಯುತ್ ಖಂಡಿತ ಉಳಿಯುತ್ತದೆ. ಉಳಿದ ನೀರಿನ ಲೆಕ್ಕ ಬರೆಯುವಾಗ ಮಾತ್ರ ಆ ಕೆರೆಗಳತ್ತ ಹರಿಯಬಹುದಾಗಿದ್ದ ಪಾಲನ್ನು ಕಳೆದು ಬರೆಯಬೇಕು.