ನೆಲ ಗುಡುಗಿದ ರಾತ್ರಿಯ ಎರಡು ಮೆಸೇಜ್

2021ರ ಅಕ್ಟೋಬರ್ 11. ರಾತ್ರಿ ಹತ್ತು ಗಂಟೆಗೆ ಇನ್ನೂ ಕೆಲವು ನಿಮಿಷ ಇದ್ದವು. ಕಲಬುರಗಿಯಲ್ಲಿ ನಮ್ಮ ಊಟ ಆಗಿತ್ತು. ಮನೆಯವರ ವಾಟ್ಸ್ಆ್ಯಪ್ ಗ್ರೂಪಿಗೆ ಚಿಂಚೋಳಿ ಕಡೆಯ ಚಿಗವ್ವನ ವಾಯ್ಸ್ ಮೆಸೇಜ್ ಬಂತು. ಹಿಂದೆ ನಾಯಿಗಳ ಬೊಗಳಾಟ. "ಈಗರೆ ಧಡ್ ಅಂತ ಸಪ್ಪಳ ಆತು. ಆಮ್ಯಾಗ ನೆಲ ಅಲುಗ್ಯಾಡ್ತು. ಮಾಡದಾಗಿನ ಭಾಂಡೆ ಬಿದ್ದವ. ಎಲ್ಲಾರೂ ಅಂಗಳದಾಗ ಇದ್ದೀವಿ."

ಮುಕ್ಕಾಲು ಗಂಟೆಯೊಳಗೆ ಅದೇ ಗ್ರೂಪಿಗೆ ಇನ್ನೊಂದು ಮೆಸೇಜ್. ರಾತ್ರಿ ಎರಡು ಗಂಟೆಗೆ ದೊಡ್ಡ ಭೂಕಂಪ ಆಗುತ್ತದೆ, ವಿಜ್ಞಾನಿಗಳು ಹೇಳಿದ್ದಾರೆ, ಎಲ್ಲರಿಗೂ ಕಳಿಸಿ ಅಂತ. ಯಾವ ವಿಜ್ಞಾನಿ, ಎಲ್ಲಿ ಹೇಳಿದರು, ಅದು ಇರಲಿಲ್ಲ. ಆ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಮಲಗಲಿಲ್ಲ.

ಅವತ್ತು ಕಂಪಿಸಿದ್ದು ಚಿಂಚೋಳಿ ತಾಲೂಕಿನ ಗಡಿಕೇಶ್ವಾರದ ಸುತ್ತಮುತ್ತ. ತೀವ್ರತೆ ಸುಮಾರು 4. ಭೂಮಿಯೊಳಗಿಂದ ಸದ್ದು ಬರುತ್ತದೆ ಎಂದು ಆ ಕಡೆಯ ಹಳ್ಳಿಯವರು ವರ್ಷಗಳಿಂದ ಹೇಳುತ್ತಲೇ ಇದ್ದರು. ಕೇಳಿಸಿಕೊಂಡವರು ಕಡಿಮೆ. ಆ ತಿಂಗಳು ಮಾತ್ರ ಗಡಿಕೇಶ್ವಾರದ ಹೆಸರು ರಾಜ್ಯಕ್ಕೆಲ್ಲ ಗೊತ್ತಾಯಿತು. ಹಳ್ಳಿಯವರ ಫೋನಿನಿಂದ ಹೊರಟ ವಿಡಿಯೋ, ವಾಯ್ಸ್ ಮೆಸೇಜ್‌ಗಳು ತಾಲೂಕಿನ ಗ್ರೂಪು ಸೇರಿದವು. ಅಲ್ಲಿಂದ ಸ್ಥಳೀಯ ವರದಿಗಾರರು, ಅಲ್ಲಿಂದ ಟಿವಿ. ಬೆನ್ನಿಗೇ ಅಧಿಕಾರಿಗಳು ಬಂದರು. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳೂ ಬಂದರು. ನೆಲದ ನಡುಕ ಅಳೆಯುವ ಯಂತ್ರ ಕೂಡಿಸಿದರು. ಸುದ್ದಿಯನ್ನು ಮೊದಲು ಮಾಡಿದವರು ಅಂಗಳದಲ್ಲಿ ನಿಂತಿದ್ದ ಜನ.

ಚಿಗವ್ವನ ಮಾತನ್ನು ಇನ್ನೊಂದು ಸಲ ನೋಡಿ. ಮೊದಲು ಸಪ್ಪಳ, ಆಮೇಲೆ ನಡುಕ. ಅವಳು ಭೂಕಂಪ ಶಾಸ್ತ್ರ ಓದಿದವಳಲ್ಲ. ಆದರೂ ಆ ಶಾಸ್ತ್ರದ ಮೊದಲ ಪಾಠ ಅವಳ ಬಾಯಲ್ಲಿ ಬಂದಿತ್ತು. ನೆಲದೊಳಗೆ ಬಂಡೆ ಜರುಗಿದಾಗ ಎರಡು ಬಗೆಯ ಅಲೆ ಹೊರಡುತ್ತವೆ. ಒಂದು ಬಂಡೆಯನ್ನು ಒತ್ತುತ್ತ, ಸಡಿಲಿಸುತ್ತ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ಓಡುತ್ತದೆ. ಇನ್ನೊಂದು ಅಡ್ಡಡ್ಡ ಅಲ್ಲಾಡಿಸುತ್ತ ಸುಮಾರು 3.5 ಕಿಲೋಮೀಟರ್ ವೇಗದಲ್ಲಿ ಹಿಂದೆ ಬರುತ್ತದೆ. ಮೊದಲಿನದು ನೆಲದ ಮೇಲ್ಮೈಗೆ ಬಂದು ಗಾಳಿಯನ್ನು ತಳ್ಳಿದಾಗ ನೆಲವೇ ಸ್ಪೀಕರ್ ಆಗುತ್ತದೆ. ಅದೇ 'ಧಡ್'. ಭಾಂಡೆ ಬೀಳಿಸುವುದು ಹೆಚ್ಚಾಗಿ ಎರಡನೆಯದು. ಎರಡರ ನಡುವೆ ಒಂದು ಸೆಕೆಂಡ್ ಅಂತರ ಇದ್ದರೆ ಬಂಡೆ ಜರುಗಿದ್ದು ಸುಮಾರು 8 ಕಿಲೋಮೀಟರ್ ದೂರದಲ್ಲಿ ಎಂದು ಲೆಕ್ಕ. ಎರಡೂ ಒಟ್ಟಿಗೇ ಬಂದ ಹಾಗೆ ಅನಿಸಿದರೆ ಅದು ಹೆಚ್ಚುಕಡಿಮೆ ನಮ್ಮ ಕಾಲ ಕೆಳಗೇ ಆಗಿದೆ. ಕಿವಿಗೆ ಕೇಳುವ ಸದ್ದು ದೂರ ಹೋದ ಹಾಗೆ ಬಂಡೆಯಲ್ಲೇ ಇಂಗಿಬಿಡುತ್ತದೆ. ಹಾಗಾಗಿ ಸದ್ದು ಜೋರಾಗಿ ಕೇಳಿದ್ದೇ ಅದು ಹತ್ತಿರದಲ್ಲಿ ಆಗಿದ್ದಕ್ಕೆ ಗುರುತು.

ಟಿವಿಯವರು ಇದನ್ನು 'ನಿಗೂಢ ಸದ್ದು' ಎಂದು ಕರೆದರು. ಆ ಮಾತು ನನಗೆ ಇವತ್ತಿಗೂ ಸರಿಬರುವುದಿಲ್ಲ. ಮಳೆಗಾಲದಲ್ಲಿ ಇಂಗಿದ ನೀರು ಬಂಡೆಯ ಬಿರುಕುಗಳಲ್ಲಿ ಒತ್ತಡ ಹೆಚ್ಚಿಸಿ ಇಂಥ ಸಣ್ಣ ಕಂಪನ ಎಬ್ಬಿಸಬಹುದು ಎಂದು ತಿಳಿದವರು ಆಗಲೇ ವಿವರಿಸಿದ್ದರು. 'ನಿಗೂಢ' ಅಂದಕೂಡಲೇ ಹೆದರಿದವರ ಹೆದರಿಕೆ ಇನ್ನೂ ಜಾಸ್ತಿ ಆಗುತ್ತದೆ, ಅಲ್ವಾ?

ಚಿಗವ್ವನಂಥವರ ಮಾತಿಗೆ ವಿಜ್ಞಾನದಲ್ಲಿ ಜಾಗ ಇದೆ. ಅಮೆರಿಕದ ಭೂಗರ್ಭ ಇಲಾಖೆ 1999ರಿಂದ ದೇಶದ ಜನರನ್ನೆಲ್ಲ ಆನ್‌ಲೈನ್‌ನಲ್ಲಿ ಕೇಳುತ್ತಿದೆ: ನಿಮಗೆ ಕಂಪನ ಗೊತ್ತಾಯಿತಾ? ಎಲ್ಲಿದ್ದಿರಿ? ಎಚ್ಚರ ಆಯಿತಾ? ಕಪಾಟಿನಿಂದ ಏನಾದರೂ ಬಿತ್ತಾ? ಈಗ ಯಾವ ದೇಶದವರೂ ಉತ್ತರ ಕೊಡಬಹುದು. ಒಬ್ಬರ ಉತ್ತರ ತಪ್ಪಿರಬಹುದು. ನೂರು ಉತ್ತರ ಕೂಡಿದಾಗ ಎಲ್ಲಿ ಎಷ್ಟು ಅಲುಗಾಡಿತು ಎಂಬ ನಕ್ಷೆ ತಯಾರಾಗುತ್ತದೆ. ಯಂತ್ರಗಳು ದೂರದೂರ ಇರುವ ನಮ್ಮಂಥ ಕಡೆ ಈ ನಕ್ಷೆಗೆ ಬೆಲೆ ಹೆಚ್ಚು.

ಇನ್ನು ಆ ಎರಡನೆಯ ಮೆಸೇಜ್. ಭೂಕಂಪದ ದಿನ, ಗಂಟೆ ಮೊದಲೇ ಹೇಳುವ ವಿದ್ಯೆ ಜಗತ್ತಿನಲ್ಲಿ ಯಾರ ಬಳಿಯೂ ಇಲ್ಲ. ಆದರೂ ನಾವು ನಂಬಿದೆವು. ಯಾಕೆ?

ಇದಕ್ಕೆ ಉತ್ತರ ಹುಡುಕಿದ ಮೊದಮೊದಲಿನವರಲ್ಲಿ ನಮ್ಮ ದೇಶದವರೂ ಇದ್ದಾರೆ. 1934ರ ಜನವರಿ 15ರಂದು ಬಿಹಾರದಲ್ಲಿ ಭಾರಿ ಭೂಕಂಪ ಆಯಿತು. ಆಗ ಜನರ ಬಾಯಲ್ಲಿ ಓಡಾಡಿದ ಗಾಳಿಸುದ್ದಿಗಳನ್ನು ಮನಶ್ಶಾಸ್ತ್ರಜ್ಞ ಜಮುನಾ ಪ್ರಸಾದ್ ಬರೆದಿಟ್ಟುಕೊಂಡರು. ಗಂಗೆಯ ನೀರೇ ಮಾಯವಾಯಿತು. ಚಂದ್ರಗ್ರಹಣದ ದಿನ ಇನ್ನೊಂದು ದೊಡ್ಡ ಭೂಕಂಪ. ಇಂಥವು. ಅಮೆರಿಕದ ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ ಇದನ್ನು ಓದಿ ಒಂದು ವಿಷಯ ಗಮನಿಸಿದರು. ಈ ಸುದ್ದಿಗಳು ಹಬ್ಬಿದ್ದು ನಡುಕ ಜೋರಾಗಿ ಗೊತ್ತಾದರೂ ಹಾಳಾದದ್ದೇನೂ ಕಣ್ಣಿಗೆ ಬೀಳದ ಕಡೆ. ಮುಂದೆ ನಮ್ಮ ದೇಶದ ಇನ್ನೊಬ್ಬ ಮನಶ್ಶಾಸ್ತ್ರಜ್ಞ ದುರ್ಗಾನಂದ ಸಿನ್ಹಾ ಡಾರ್ಜಿಲಿಂಗ್‌ನ ಭೂಕುಸಿತವನ್ನು ಅಭ್ಯಾಸ ಮಾಡಿದರು. ಅಲ್ಲಿ ಜನ ಅನಾಹುತವನ್ನು ಕಣ್ಣಾರೆ ಕಂಡಿದ್ದರು. ಇನ್ನೂ ಭಯಂಕರವಾದದ್ದು ಬರುತ್ತದೆ ಎಂಬ ಸುದ್ದಿ ಅಲ್ಲಿ ಹಬ್ಬಲಿಲ್ಲ. ಎದೆಯಲ್ಲಿ ಹೆದರಿಕೆ ಕೂತಿದೆ, ಹೆದರಿಕೆಗೆ ತಕ್ಕ ಕಾರಣ ಎದುರಿಗಿಲ್ಲ. ಆಗ ಮನಸ್ಸು ಕಾರಣ ಕೇಳುತ್ತದೆ. ಗಾಳಿಸುದ್ದಿ ಕೊಡುತ್ತದೆ. ಫೆಸ್ಟಿಂಗರ್ ಅರ್ಥಮಾಡಿಕೊಂಡದ್ದು ಹೀಗೆ.

ನಮ್ಮ ಹೆದರಿಕೆಗೆ ಇನ್ನೊಂದು ಬೇರೂ ಇತ್ತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ಕಳಿಸಿ ಜನ ಮಲಗಿದ ಮೇಲೆ, ಪಕ್ಕದ ಲಾತೂರ್ ಜಿಲ್ಲೆಯ ಕಿಲ್ಲಾರಿ ಭೂಕಂಪಕ್ಕೆ ಉರುಳಿತು. ಸತ್ತವರು ಹತ್ತಿರ ಹತ್ತಿರ ಹತ್ತು ಸಾವಿರ. ಅದರ ಹಿಂದಿನ ವರ್ಷ ಅಲ್ಲಿಯೂ ಸಣ್ಣಸಣ್ಣ ಕಂಪನ ಆಗಿದ್ದವು. ಕಲಬುರಗಿ, ಬೀದರಿನಲ್ಲಿ ನನ್ನ ವಯಸ್ಸಿನವರು ಯಾರೂ ಅದನ್ನು ಮರೆತಿಲ್ಲ. ಹೆದರಿದ್ದಕ್ಕೆ ಜನರನ್ನು ಬೈಯುವುದು ನನಗೆ ಆಗದ ಮಾತು.

ಗಾಳಿಸುದ್ದಿ ಬಾಯಿಂದ ಬಾಯಿಗೆ ಹೋಗುವಾಗ ಏನಾಗುತ್ತದೆ? 1947ರಲ್ಲಿ ಆಲ್‌ಪೋರ್ಟ್ ಮತ್ತು ಪೋಸ್ಟ್‌ಮನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಇದರ ಬಗ್ಗೆ ತಮ್ಮ ಪ್ರಯೋಗವೊಂದರ ಫಲ ಪ್ರಕಟಿಸಿದರು. ಚಿತ್ರ ಕಾಣದ ಹಾಗೆ ಕೂತ ಒಬ್ಬರಿಗೆ ಅದರಲ್ಲಿ ಇರುವುದನ್ನು ವಿವರಿಸಿದರು. ಅವರು ಇನ್ನೊಬ್ಬರಿಗೆ, ಅವರು ಮತ್ತೊಬ್ಬರಿಗೆ ಹೇಳಬೇಕು. ಐದಾರು ಬಾಯಿ ದಾಟುವುದರೊಳಗೆ ಶೇ. 70ರಷ್ಟು ವಿವರ ಉದುರಿಹೋಗಿತ್ತು. ಉಳಿದ ಕೆಲವೇ ವಿವರ ಇನ್ನಷ್ಟು ಎದ್ದುಕಾಣುವಂತೆ ಚೂಪಾಗಿದ್ದವು.

ಫಾರ್ವರ್ಡ್ ಒತ್ತಿದಾಗ ಹೀಗೆ ಆಗುವುದಿಲ್ಲ. ಒಂದಕ್ಷರವೂ ಉದುರುವುದಿಲ್ಲ. ಆದರೆ ಮೊದಲು ಬರೆದವರು ಯಾರು, ಯಾವತ್ತು, ಎಲ್ಲಿ ನಿಂತು ಎಂಬುದು ಪೂರ್ತಿ ಅಳಿಸಿಹೋಗುತ್ತದೆ. ಅದು ನಮ್ಮ ಕೈಗೆ ಬರುವುದು ಅಣ್ಣನ ಹೆಸರಿನಲ್ಲಿ, ಗೆಳೆಯನ ಹೆಸರಿನಲ್ಲಿ. ಅವರ ಮೇಲಿನ ನಂಬಿಕೆ ಆ ಮಾತಿಗೂ ಅಂಟಿಕೊಳ್ಳುತ್ತದೆ. ಚಿಗವ್ವನ ಮೆಸೇಜಿನಲ್ಲಿ ಹೇಳಿದವಳು ಇದ್ದಳು, ಜಾಗ ಇತ್ತು, ಹೊತ್ತು ಇತ್ತು. ಎರಡನೆಯದರಲ್ಲಿ ಮೂರೂ ಇರಲಿಲ್ಲ.

ಈ ಮೂರೂ ಇಲ್ಲದ ಮಾತು ಏನು ಮಾಡಬಲ್ಲದು ಎಂಬುದು ಬೀದರ್ ಜಿಲ್ಲೆಗೆ ಗೊತ್ತು. 2018ರ ಜುಲೈ 13ರಂದು ಹೈದರಾಬಾದಿನಿಂದ ಬಂದಿದ್ದ ಗೆಳೆಯರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಎಂಬ ಮೆಸೇಜ್ ಅವರ ಕಾರಿಗಿಂತ ಮುಂದೆ ಓಡಿತು. ಔರಾದ್ ಸೀಮೆಯ ಮುರ್ಕಿಯಲ್ಲಿ ರಸ್ತೆಗೆ ಅಡ್ಡ ಇಟ್ಟು ಜನ ಕಾದಿದ್ದರು. ಒಬ್ಬ ಯುವಕ ಹೊಡೆತಕ್ಕೆ ಸತ್ತ. ಬಿಡಿಸಲು ಹೋದ ಪೊಲೀಸರಿಗೂ ಏಟು ಬಿದ್ದವು. ಇಂಥ ಸಾವುಗಳು ಆ ವರ್ಷ ದೇಶದ ಹಲವು ಕಡೆ ಆದವು. ಅದೇ ತಿಂಗಳು ವಾಟ್ಸ್ಆ್ಯಪ್ ಭಾರತದಲ್ಲಿ ಒಂದು ಸಲಕ್ಕೆ ಐದೇ ಚಾಟ್‌ಗೆ ಫಾರ್ವರ್ಡ್ ಎಂದು ಮಿತಿ ಹಾಕಲು ಹೊರಟಿತು. 2020ರ ಏಪ್ರಿಲ್‌ನಲ್ಲಿ, ಬಹಳ ಕೈ ದಾಟಿ ಎರಡು ಬಾಣದ ಗುರುತು ಬಿದ್ದ ಮೆಸೇಜನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಇಳಿಸಿತು. ಅಂಥ ಫಾರ್ವರ್ಡ್ ಶೇ. 70 ತಗ್ಗಿತು ಎಂದು ಕಂಪನಿಯೇ ಹೇಳಿತು. ಬೆರಳಿಗೆ ಸ್ವಲ್ಪ ತ್ರಾಸು ಕೊಟ್ಟರೂ ಸಾಕು, ಇಷ್ಟು ವ್ಯತ್ಯಾಸ.

ಅದೇ 2018ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮೂವರು ಸಂಶೋಧಕರು ಟ್ವಿಟರ್‌ನಲ್ಲಿ ಸುಮಾರು 30 ಲಕ್ಷ ಜನ ಹಂಚಿದ ಸುದ್ದಿಗಳ ಲೆಕ್ಕ ತೆಗೆದಿದ್ದರು. 1,500 ಜನರನ್ನು ಮುಟ್ಟಲು ನಿಜ ಸುದ್ದಿಗೆ ಸುಳ್ಳಿಗಿಂತ ಸುಮಾರು ಆರು ಪಟ್ಟು ಸಮಯ ಬೇಕಾಗಿತ್ತು. ರೋಬೋಟ್ ಖಾತೆಗಳು ಎರಡನ್ನೂ ಒಂದೇ ಸಮ ಹಂಚಿದ್ದವು. ಸುಳ್ಳಿಗೆ ಕಾಲು ಕೊಟ್ಟವರು ನಾವು, ಮನುಷ್ಯರು. ಸುಳ್ಳು ಹೊಸದಾಗಿ ಕಾಣುತ್ತದೆ, ಅಚ್ಚರಿ ಹುಟ್ಟಿಸುತ್ತದೆ ಎಂಬುದು ಅವರು ಕೊಟ್ಟ ಕಾರಣ.

ಮರುದಿನ ಬೆಳಿಗ್ಗೆ ಚಿಗವ್ವನಿಗೆ ಫೋನ್ ಮಾಡಿದೆ. ರಾತ್ರಿ ಎರಡು ಗಂಟೆಯ ಮಾತು ಅವಳಿಗೂ ಮುಟ್ಟಿತ್ತು. ತೊಗರಿ ಹೊಲದ ಬದಿಗೆ ಚಾದರ ಹಾಸಿ ಮೊಮ್ಮಕ್ಕಳ ಜೊತೆ ಕೂತೇ ಬೆಳಗು ಮಾಡಿದ್ದಳು. ಇನ್ನೊಮ್ಮೆ ಆದರೆ ಸಪ್ಪಳ ಮೊದಲಾ ನಡುಕ ಮೊದಲಾ ನೋಡು, ಗಂಟೆ ಬರೆದಿಡು ಎಂದೆ. ವಾರ ಬಿಟ್ಟು ಗ್ರೂಪಿಗೆ ಒಂದು ಫೋಟೋ ಹಾಕಿದಳು. ಗೋಡೆ ಕ್ಯಾಲೆಂಡರಿನ ಅಕ್ಟೋಬರ್ ಹಾಳೆ. ತಾರೀಖುಗಳ ಪಕ್ಕ ಪೆನ್ಸಿಲಿನಲ್ಲಿ ನಾಲ್ಕು ಕಡೆ ಗಂಟೆ, ನಿಮಿಷ. ಒಂದರ ಮುಂದೆ, "ಬರೇ ಸಪ್ಪಳ. ಭಾಂಡೆ ಬಿದ್ದಿಲ್ಲ."